ಬಕ್ಕಪ್ಪ ಮಾಸ್ತರರ ದ್ರಾವಕ

ಬಸವಕಲ್ಯಾಣದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಬಕ್ಕಪ್ಪ ಮಾಸ್ತರರಿಗೆ ಮಂದಿ ಶಾಲು ಹೊದಿಸಿ ಮೆರೆಸಿದ್ದು ಒಂದೇ ಸಲ, ಅದೂ ಮಾಡದ ಶೋಧಕ್ಕೆ.

1979ರಲ್ಲಿ ಹುಮನಾಬಾದಿನ ಗಿಡಮೂಲಿಕೆ ವ್ಯಾಪಾರಿ ಮಹಾರುದ್ರಪ್ಪ ತನ್ನ ಆಯುಷ್ಯ ಪುಡಿಯ ಡಬ್ಬಿ ಹಿಡಿದು ಬಂದ. “ಇದು ಕೆಲಸ ಮಾಡ್ತದಂತ ನಿಮ್ಮ ಲ್ಯಾಬಿನ್ಯಾಗ ತೋರಸ್ರಿ ಸರ್. ಗಿರಾಕಿ ಈಗ ಬರೀ ನಾಟಿ ವೈದ್ಯರ ಮಾತು ಕೇಳವಲ್ಲರು.”

ಮಾಸ್ತರರಿಗೆ ಹುರುಪು ಬಂತು. ಪುಡಿ ನೀರಿನಲ್ಲಿ ಕರಗಲಿಲ್ಲ. ಹೈದರಾಬಾದಿನಿಂದ ತರಿಸಿದ್ದ ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿ, ಅಬ್ದುಲ್ ರಜಾಕನ ಬೇಕರಿಯಿಂದ ತಂದ, ಬ್ರೆಡ್ಡು ಉಬ್ಬಿಸುವ ಸೂಕ್ಷ್ಮಜೀವಿ ಯೀಸ್ಟಿಗೆ ಹಾಕಿದರು. ಹೋಲಿಕೆಗೆಂದು ಇನ್ನೊಂದು ಗಾಜಿನ ಪಾತ್ರೆಯಲ್ಲಿ ಯೀಸ್ಟಿಗೆ ಬರೀ ನೀರು. ಜೀವಕೋಶ ಒಳಗೊಳಗೇ ಕೆಡದಂತೆ ಕಾಯುವ ಗ್ಲುಟಾಥಯೋನ್ ಎಂಬ ವಸ್ತು ಪುಡಿ ಹಾಕಿದ ಕಡೆ ಢಾಳಾಗಿ ಏರಿತ್ತು. ಸುದ್ದಿ ಕೇಳಿದ್ದೇ ತಡ, ಮಹಾರುದ್ರಪ್ಪ ಹುಮನಾಬಾದಿನಲ್ಲಿ ಸನ್ಮಾನಕ್ಕೆ ಪೆಂಡಾಲು ಹೇಳಿಯೇಬಿಟ್ಟ.

ಅದು ಶ್ರಾವಣ. ಮನೆಯಲ್ಲಿ ಬೆಳ್ಳುಳ್ಳಿ ಬಂದ್. ಒಂದು ಮುಂಜಾನೆ ಹೆಂಡತಿ ಭಾಗಮ್ಮ ಮೂಗು ಮುಚ್ಚಿಕೊಂಡಳು. “ಹೊರಗ ಏನು ತಿಂದು ಬರಾಕತ್ತೀರಿ? ಬಾಯಿ ಬೆಳ್ಳುಳ್ಳಿ ನಾರ್ತದ.”

“ಏನೂ ತಿಂದಿಲ್ಲ ಮಾರಾಯ್ತಿ. ನಿನ್ನೆ ದ್ರಾವಕ ಕೈಮ್ಯಾಲ ಚೆಲ್ತು, ಅದರದ ವಾಸನಿ.”

ಅಂದವರೇ ಚಹಾದ ಕಪ್ಪು ಹಿಡಿದು ನಿಂತುಬಿಟ್ಟರು. ಕೈಗೆ ತಾಕಿದ್ದು ಬಾಯಿಗೆ ಬರುತ್ತದೆಂದರೆ, ಯೀಸ್ಟಿನೊಳಗೆ ಹೋಗಿ ಸುಮ್ಮನೆ ಕೂತಿರುತ್ತದೆಯೆ? ದ್ರಾವಕವನ್ನಷ್ಟೇ ಹಾಕಿ ನೋಡಿಯೇ ಇರಲಿಲ್ಲ! ಲ್ಯಾಬಿಗೆ ಓಡಿದರು. ಪುಡಿಯಿಲ್ಲದ, ಬರೀ ದ್ರಾವಕದ ಪಾತ್ರೆಯಲ್ಲೂ ಗ್ಲುಟಾಥಯೋನ್ ಅಷ್ಟೇ ಏರಿತು. ಪುಡಿಯ ಪಾಲು ಸೊನ್ನೆ.

ಸನ್ಮಾನದ ದಿನ ಹಾರ ಬಿದ್ದ ಮೇಲೆ ಮಾಸ್ತರರು ಮೈಕಿನ ಮುಂದೆ ನಿಂತರು. “ಈ ಪುಡಿ ಏನೂ ಮಾಡಿಲ್ರಿ. ಮಾಡಿದ್ದೆಲ್ಲಾ ದ್ರಾವಕ. ತಪ್ಪು ನಂದು.”

ಮಹಾರುದ್ರಪ್ಪ ಮೈಕು ಕಸಿದುಕೊಂಡ. “ನೋಡ್ರಿ! ಇಷ್ಟು ದೊಡ್ಡ ಶೋಧ ಮಾಡಿದ್ರೂ ಒಂದಿಷ್ಟಾದ್ರೂ ಸೊಕ್ಕು ಅದ ಏನ್ರಿ?” ಚಪ್ಪಾಳೆಯೋ ಚಪ್ಪಾಳೆ. ಇಬ್ಬರು ಬಂದು ಕಾಲಿಗೂ ಬಿದ್ದರು.

ಬಸ್‌ಸ್ಟ್ಯಾಂಡಿನವರೆಗೂ ಬಂದ ಮಹಾರುದ್ರಪ್ಪ ಮೆಲ್ಲಗೆ ಕೇಳಿದ: “ಸರ್, ಆ ದ್ರಾವಕ ಎಲ್ಲಿ ಸಿಗ್ತದ್ರಿ?”

“ಅದನ್ನ ಮಂದಿಗಿ ಕುಡಸಬ್ಯಾಡ್ರಿ! ಗ್ಲುಟಾಥಯೋನ್ ಏರಿದ್ರ ಆರೋಗ್ಯನೇ ಅಂತಿಲ್ಲ. ಕೋಶಕ್ಕ ತ್ರಾಸ ಆದಾಗೂ ಏರ್ತದ. ಗದ್ದಲ ಆದ ಓಣ್ಯಾಗ ಪೊಲೀಸರು ಜಾಸ್ತಿ ಆಗಾಂಗಿಲ್ಲೇನು?”

ಮಹಾರುದ್ರಪ್ಪನ ಮುಖ ಅರಳಿತು. “ಪೊಲೀಸರು ಜಾಸ್ತಿ ಇದ್ರ ಗಿರಾಕಿಗಿ ಧೈರ್ಯ ಬರ್ತದಲ್ರಿ!”

ಮಾಸ್ತರರು ಬಂದ ಬಸ್ಸು ಹತ್ತಿಬಿಟ್ಟರು. ಪುಡಿ ಮಾತ್ರ ಆ ವರ್ಷ ಘಾಟಬೋರಾಳದಂಥ ಹಳ್ಳಿಯ ತನಕ ಮಾರಾಟವಾಯಿತು. ಮುಂದೆ ಯಾರಾದರೂ ಅದರ ಮಾತೆತ್ತಿದರೆ ಮಾಸ್ತರರು ಸಿಡಿಯುತ್ತಿದ್ದರು: “ನಾ ಅವತ್ತೇ ಖರೇ ಹೇಳಿದ್ದೆನಲ್ರಿ!”

“ಹೌದ್ರಿ ಸರ್,” ಎನ್ನುತ್ತಿದ್ದರು ಮಂದಿ. “ಅಂಥಾ ಖರೇ ಮನುಷ್ಯಾ ನೋಡಿದ ಪುಡಿ ಅಂತನೇ ನಾವು ತಗೊಂಡಿದ್ದು.”