ಅಕ್ಕನ ಸಾವಿಗೆ ಒಂದು ಮಳೆ ಬೇಕಂತೆ

ಇವತ್ತು ಸಾಗರದ ಕಥಾ ಕಮ್ಮಟದಲ್ಲಿ ನನ್ನ ಕಥೆ ಓದಿದೆ ಮಾರಾಯ್ರೆ. ಕಥೆ ಅಂದ್ರೆ ನಮ್ಮ ಅಕ್ಕಂದೇ. ಕೊಟ್ಟಿಗೆಗೆ ಹಾಸೋಕೆ ಒಣ ದರಗೆಲೆ ತರ್ತೀನಿ ಅಂತ ಕಾಡಿಗೆ ಹೋದವಳಿಗೆ ಉಣುಗು ಹುಳ ಕಚ್ಚಿ, ಮಂಗನ ಕಾಯಿಲೆ ಬಂದು, ಹನ್ನೆರಡನೇ ದಿನಕ್ಕೆ ತೀರಿಕೊಂಡಳು. ಮಾರ್ಚ್ ತಿಂಗಳು, ಸುಡು ಬಿಸಿಲು.

ಕಮ್ಮಟ ನಡೆಸೋಕೆ ಬಂದಿದ್ದ ಹಿರಿಯ ಕಥೆಗಾರರು ಕನ್ನಡಕ ತೆಗೆದು, "ಕಥೆ ಇದೆ ತಾಯಿ, ವಾತಾವರಣ ಇಲ್ಲ. ಮಲೆನಾಡಿನ ಸಾವು ಅಂದ್ಮೇಲೆ ಓದುಗ ನೆನೀಬೇಕು. ಹೆಣ ಎತ್ತುವಾಗ ಒಂದು ಮಳೆ ತನ್ನಿ" ಅಂದರು. ಅಕ್ಕಪಕ್ಕದವರೆಲ್ಲ ಅದನ್ನ ಬರೆದುಕೊಂಡರು.

"ಅವತ್ತು ಮಳೆ ಇರಲಿಲ್ಲ ಸಾರ್" ಅಂದೆ.

"ಇಲ್ಲದಿದ್ರೆ ನೀವು ಸುರಿಸಿ. ಕಥೆಗಾರ್ತಿ ಅಲ್ವಾ?"

ನಂಗೆ ಮೈಯೆಲ್ಲ ಉರೀತು. "ಉಣುಗು ಏಳೋದೇ ಒಣ ಬೇಸಿಗೇಲಿ ಸಾರ್. ಮಳೆ ಹಿಡಿದಿದ್ರೆ ಹುಡುಗಿ ಉಳೀತಿದ್ಲು!"

ಅವರು ಕಣ್ಣು ಮುಚ್ಚಿ ತಲೆದೂಗಿ, "ಆಹಾ! ಇದೇ ಸಾಲನ್ನ ಕೊನೆಗೆ ಹಾಕಿ" ಅಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು.

ಆ ಮಾತು ನಂದಲ್ಲ. ಅಕ್ಕ ತೀರಿಕೊಂಡ ವರ್ಷ ಮೊದಲ ಮಳೆ ಹೊಯ್ದಾಗ ಅಮ್ಮ ಜಗಲೀಲಿ ಕೂತು ಅತ್ತುಕೊಂಡು ಹೇಳಿದ್ದು. ಈಗ ಹೊಸನಗರದ ಬಸ್ಸಲ್ಲಿದ್ದೀನಿ. ಮನೆಗೆ ಹೋಗಿ ಅವಳಿಗೆ ಹೇಳಬೇಕು: ಅಮ್ಮಾ, ನಿನ್ನ ಗೋಳಿಗೆ ಇವತ್ತು ಸಾಗರದಲ್ಲಿ ಒಳ್ಳೇ ಚಪ್ಪಾಳೆ ಬಿತ್ತು ಅಂತ.