ಇದ್ದಿಲಿದ್ದ ಜಾಗ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅಳತೆ ಕೆಲಸದವನಿಗೆ ಅದು ಆಗಿಬರುವುದಿಲ್ಲ ಎಂದು ಹೆಂಡತಿ ಸಾವಿರ ಸಲ ಹೇಳಿದ್ದಾಳೆ. ಹೆಮ್ಮರಗಾಲದ ಹತ್ತಿರ ಒಂದು ಹೊಲದಲ್ಲಿ ಅದರಿಂದ ರಕ್ತ ಹರಿಯಿತು. ಕುಡುಗೋಲು ಬೀಸಿದವನು ಬೇರೆಯವನು. ಬೀಸುವಂತೆ ಮಾಡಿದವನು ನಾನು.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನಂಜನಗೂಡು, ತಿ. ನರಸೀಪುರದ ಕಡೆ ಖಾಸಗಿಯಾಗಿ ಸರ್ವೆ ಮಾಡುತ್ತಿದ್ದೆ. ಹಳೆಯ ಜಿಪಿಎಸ್ಸಿನಲ್ಲಿ ಅಳೆದದ್ದನ್ನು ಮನೆಗೆ ತಂದು ಕಂಪ್ಯೂಟರಿಗೆ ಹಾಕಿದ ಮೇಲೆಯೇ ಉತ್ತರ ಸಿಗುತ್ತಿತ್ತು. ಆಗಷ್ಟೇ ಕೊಂಡ ಹೊಸದು ಹಾಗಲ್ಲ. ಗೊತ್ತಿರುವ ಜಾಗದಲ್ಲಿ ನಿಲ್ಲಿಸಿದ ಒಂದು ಯಂತ್ರ ವೈರ್‌ಲೆಸ್ಸಿನಲ್ಲಿ ತಿದ್ದುಪಡಿ ಕಳಿಸುತ್ತದೆ. ಕೋಲಿನ ತುದಿಯ ಇನ್ನೊಂದು ಯಂತ್ರ ನಿಂತಲ್ಲೇ ಅಂಗುಲದ ಲೆಕ್ಕ ಹೇಳುತ್ತದೆ. ಮಾರಿದ ಕಂಪನಿಯವನು ಒಂದು ಎಚ್ಚರಿಕೆ ಕೊಟ್ಟಿದ್ದ. "ಹತ್ತಿರ ಬೇರೆ ಸರ್ವೆಯವರು ಇದೇ ಚಾನೆಲ್‌ನಲ್ಲಿದ್ರೆ ನಿಮ್ಮ ಯಂತ್ರ ಅವರ ಮಾತು ಕೇಳಿಬಿಡುತ್ತೆ ಸರ್. ದಿನಾ ಮೊದಲು ಗೊತ್ತಿರೋ ಕಲ್ಲಿನ ಮೇಲಿಟ್ಟು ತಾಳೆ ನೋಡಿ." ಹೂಂಗುಟ್ಟಿದ್ದೆ.

ಆ ಹೊಲ ಅಣ್ಣತಮ್ಮಂದಿರದು. ನಡುವಿನ ಗಡಿ ತೋರಿಸುವ ಬಾಂದು ಕಲ್ಲನ್ನು ಟ್ರ್ಯಾಕ್ಟರ್ ಕಿತ್ತೆಸೆದಿತ್ತು. ಹಿಂದೆ ಕಾಲುವೆ ಕೆಲಸಕ್ಕೆ ಆ ಕಲ್ಲನ್ನು ನಾನೇ ಅಳೆದಿದ್ದರಿಂದ, ಅದಿದ್ದ ಜಾಗ ತೋರಿಸಿಕೊಡಿ ಎಂದು ಇಬ್ಬರೂ ಜೊತೆಯಾಗಿ ಬಂದು ಕರೆದರು. ಹೊಲದಲ್ಲಿ ಅರ್ಧ ಊರೇ ನೆರೆದಿತ್ತು. ಹೊಸ ಯಂತ್ರದ ಜಂಬ ತೋರಿಸುವ ಆತುರಕ್ಕೆ ತಾಳೆ ನೋಡದೆ ಕೋಲು ಹಿಡಿದು ಹೊರಟೆ. ಯಂತ್ರ ತೋರಿಸಿದ ಜಾಗ ತಮ್ಮನ ಬೋರ್‌ವೆಲ್ಲಿನ ಆಚೆ, ತಮ್ಮನ ಕಡೆಗೆ ಬಿತ್ತು. ಅಂದರೆ ಬೋರ್‌ವೆಲ್ ಅಣ್ಣನ ಪಾಲಾಯಿತು.

ಸರಪಳಿ ಹಿಡಿಯುವ ಕಾಲದಿಂದ ನನ್ನ ಜೊತೆಗಿದ್ದ ಮುದುಕ ಸಹಾಯಕ ಕಿವಿಯ ಹತ್ತಿರ ಬಂದ. "ಸಾ, ಬಾಂದ್ ಕಲ್ಲಿನ್ ತಳುಕ್ಕೆ ಇದ್ಲು ಉಯ್ದಿರ್ತಾರೆ. ಕಲ್ ಓದ್ರೂ ಇದ್ಲು ಓಗಲ್ಲ. ಒಸಿ ಅಗ್ದು ನೋಡ್ಬುಡವ."

"ಆಕಾಶದಿಂದ ಉಪಗ್ರಹ ಹೇಳ್ತಾ ಇದೆ, ನೀನು ಇದ್ದಿಲು ಹುಡುಕು ಹೋಗು!" ಎಂದು ಎಲ್ಲರೆದುರು ಗದರಿದೆ. ಜನ ನಕ್ಕರು. ಮುದುಕ ತಲೆ ತಗ್ಗಿಸಿದ. ನಾನೇ ನಿಂತು ಕಲ್ಲು ನೆಡಿಸಿದೆ.

ತಮ್ಮ ಆ ಕಲ್ಲನ್ನು ಒದ್ದ. ಅದು ಅಲುಗಲಿಲ್ಲ. ಹಾರೆ ಕಿತ್ತುಕೊಂಡು ನನ್ನ ಕೋಲಿಗೆ ಬಾರಿಸಿದ. ಯಂತ್ರ ಸಾಲಿನೊಳಕ್ಕೆ ಉರುಳಿತು. ಎರಡನೆಯ ಏಟು ನನ್ನ ಭುಜಕ್ಕೆ ಬಿತ್ತು. "ನನ್ನ್ ನೀರ ಕಿತ್ಕೊಡಕ್ಕೆ ನೀನ್ ಯಾವನ್ಲಾ?" ಅಷ್ಟರಲ್ಲಿ ಅಣ್ಣ ಹೋಗಿ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಮಿಸಿನ್ನೇ ಯೇಳ್ತದಲ್ಲ ಕಣ್ಲಾ, ಇನ್ನೇನು?" ಎಂದ. ತಮ್ಮ ಹಾರೆ ಬಿಸಾಡಿ, ಹುಲ್ಲು ಕೊಯ್ಯುತ್ತಿದ್ದವಳ ಕೈಯಿಂದ ಕುಡುಗೋಲು ಕಸಿದುಕೊಂಡ. ಒಂದೇ ಏಟು. ಅಣ್ಣನ ಎರಡು ಬೆರಳು ಪೆಟ್ಟಿಗೆಯ ಕೆಳಗೆ ಬಿದ್ದವು. ಅವನು ಕೈಯನ್ನೇ ನೋಡುತ್ತಾ ಕುಸಿದ. ಜನ ತಮ್ಮನನ್ನು ನೆಲಕ್ಕೆ ಕೆಡವಿ ಕಾಲಿನಿಂದ ತುಳಿದರು. ಅವನ ಹಲ್ಲು ಮುರಿಯಿತು. ನಾನು ಭುಜ ಹಿಡಿದುಕೊಂಡು ಹೇಡಿಯ ಹಾಗೆ ನಿಂತಿದ್ದೆ.

ಆ ಗಲಾಟೆಯ ನಡುವೆಯೇ ಮುದುಕ, ಬೋರ್‌ವೆಲ್ಲಿನ ಈಚೆ, ಅಣ್ಣನ ಕಡೆ, ನಾನು ನೆಡಿಸಿದ ಕಲ್ಲಿಗೆ ಆರಡಿ ದೂರದಲ್ಲಿ ಅಗೆಯುತ್ತಿದ್ದ. ಮೊಣಕಾಲುದ್ದ ಹೋಗುವಷ್ಟರಲ್ಲಿ ಗುದ್ದಲಿಗೆ ಕರಿ ಹತ್ತಿತು. ಒಂದು ಹಿಡಿ ಇದ್ದಿಲು ತಂದು ನನ್ನ ಅಂಗೈಗೆ ಸುರಿದು ಗುದ್ದಲಿಯ ಕಡೆಗೆ ನಡೆದ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಗೊತ್ತಾಯಿತು, ಪಕ್ಕದಲ್ಲೇ ರಸ್ತೆ ಅಗಲ ಮಾಡಲು ಬಂದ ಸರ್ವೆಯವರೂ ಅದೇ ಚಾನೆಲ್‌ನಲ್ಲಿದ್ದರು. ಅವರು ತಮ್ಮದೇ ಯಂತ್ರ ನಿಲ್ಲಿಸಿದ ಜಾಗದ ಲೆಕ್ಕವನ್ನು ಅಂದಾಜಿಗೆ ತುಂಬಿದ್ದರು. ನನ್ನದಕ್ಕಿಂತ ಹತ್ತಿರವಿದ್ದ ಅವರ ಯಂತ್ರದ ಮಾತನ್ನೇ ನನ್ನ ಕೋಲು ಬೆಳಗಿನಿಂದ ನಂಬಿತ್ತು. ಇದೆಲ್ಲವನ್ನೂ ಪೊಲೀಸರಿಗೆ ಬರೆದುಕೊಟ್ಟೆ. ತಮ್ಮನನ್ನು ಅದು ಜೈಲಿನಿಂದ ಉಳಿಸಲಿಲ್ಲ.

ನಂಜನಗೂಡಿನ ಆಸ್ಪತ್ರೆಯಲ್ಲಿ ಅಣ್ಣನ ಮಂಚದ ಪಕ್ಕ ಕೂತು ತಪ್ಪೊಪ್ಪಿಕೊಂಡೆ. ಅವನು ಬಟ್ಟೆ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡ.

"ಬುಡಿ ಸಾ," ಎಂದ. "ಆ ಕಲ್ ನಮ್ಮಪ್ಪ ನೆಡ್ವಾಗ ಇದ್ಲು ಉಯ್ದೋನು ನಾನೇ. ನೀವು ತಪ್ ಜಾಗ್ದಲ್ ನೆಡುಸ್ತಿದ್ರಿ ಅಂತ ನಂಗೊತ್ತಿತ್ತು."