ಹದಿನಾಲ್ಕು ಸೆಕೆಂಡಿನ ಹಸಿರು

ನಮ್ಮ ಮಾವನ ಗಡಿಯಾರದಂಗಡಿಯಲ್ಲಿ ಮಧ್ಯಾಹ್ನ ಕೂತರೆ ಎಂಥವರಿಗೂ ತೂಕಡಿಕೆ ಬರುತ್ತದೆ. ಮೂರು ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು. ರಿಪೇರಿಗೆ ಬಂದದ್ದು ಮಾವನ ಕೈ ತಾಗುವವರೆಗೆ ನಿಂತ ಹೊತ್ತಿನಲ್ಲೇ ನಿಂತಿರುತ್ತದೆ. ಬೆಳಗಿನ ಏಳೂವರೆಯೂ ಸಂಜೆಯ ಐದೂ ಅಲ್ಲಿ ಅಕ್ಕಪಕ್ಕ ನೇತಾಡುತ್ತಿರುತ್ತವೆ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ಗಿರಾಕಿ ಇಲ್ಲದಾಗ ಹೋಗಿ ಕೂರುತ್ತೇನೆ, ಗಾಜಿನಾಚೆ ರಸ್ತೆ ಹರಿಯುವುದನ್ನು ನೋಡುತ್ತ.

ಇಡೀ ಬೀದಿ ಅವರನ್ನು ‘ಸೆಕೆಂಡು ಮಾವ’ ಎಂದೇ ಕರೆಯುತ್ತದೆ. ಊಟ ಯಾವಾಗ ಎಂದು ಕೇಳಿದರೂ ಸೆಕೆಂಡಿನ ಸಮೇತ ಹೇಳುವ ಆಸಾಮಿ.

ಮನೆ ರಸ್ತೆಯ ಆಚೆ ಬದಿ. ಮೂವತ್ತು ವರ್ಷ ಅತ್ತೆ ದಿನಾ ನಾಲ್ಕು ಗಂಟೆಗೆ ರಸ್ತೆ ದಾಟಿ ಅಂಗಡಿಗೆ ಬರುತ್ತಿದ್ದರು. ಬಂದು ಮಾಡುತ್ತಿದ್ದುದೇನೂ ಇಲ್ಲ. ಸ್ಟೂಲಿನ ಮೇಲೆ ಕೂರುತ್ತಿದ್ದರು, ಇಬ್ಬರೂ ಮಾತಿಲ್ಲದೆ ಚಹಾ ಕುಡಿಯುತ್ತಿದ್ದರು. ಆಮೇಲೆ ರಸ್ತೆ ಅಗಲವಾಯಿತು, ಸಿಗ್ನಲ್ ಬಂತು, ಅತ್ತೆಯ ಮಂಡಿ ಸವೆಯಿತು. ಒಂದು ದಿನ ಅವರು ನಡುರಸ್ತೆಯಲ್ಲಿರುವಾಗಲೇ ಕೆಂಪು ಬಿತ್ತು. ಲಾರಿಯವನು ಹಾರನ್ ಒತ್ತಿದ ರಭಸಕ್ಕೆ ಅಲ್ಲೇ ಕುಸಿದು ಕೂತರು. ಪೆಟ್ಟೇನೂ ಆಗಲಿಲ್ಲ, ಆದರೆ ಅಂದಿನಿಂದ ಅತ್ತೆ ಅಂಗಡಿಗೆ ಬರಲಿಲ್ಲ.

“ಕನಸಲ್ಲೂ ದಾಟ್ತಾನೇ ಇರ್ತೀನಿ ಕಣೇ,” ಎಂದು ನನ್ನ ಹತ್ತಿರ ಹೇಳಿದ್ದರು. “ನಡೆದಷ್ಟೂ ರಸ್ತೆ ಅಗಲ ಆಗ್ತಾ ಹೋಗುತ್ತೆ. ಆಚೆ ಕಡೆ ನಿಮ್ಮ ಮಾವ ಒಂದು ಸಣ್ಣ ಬೊಂಬೆ ಥರ ಕಾಣ್ತಾರೆ.”

ನಾಲ್ಕು ಗಂಟೆಯಾದರೆ ಮಾವ ಎದ್ದು ಬಾಗಿಲಿಗೆ ಹೋಗುತ್ತಿದ್ದರು, ಒಂದಷ್ಟು ಹೊತ್ತು ನಿಂತು ವಾಪಸ್ ಬರುತ್ತಿದ್ದರು. ನನ್ನ ಕೈಲಿ ನೋಡಲಾಗುತ್ತಿರಲಿಲ್ಲ. “ಸಿಗ್ನಲ್ ಸಮಯ ಜಾಸ್ತಿ ಮಾಡಿ ಅಂತ ನಗರಸಭೆಗೆ ಒಂದು ಅರ್ಜಿ ಹಾಕಿ ಮಾವ, ನಾನು ಟೈಪ್ ಮಾಡಿಕೊಡ್ತೀನಿ,” ಎಂದೆ.

“ಬರೀ ಬಾಯಿಮಾತಿಗೆ ಯಾರೂ ಸೊಪ್ಪು ಹಾಕಲ್ಲ. ಅಳೆದು ತೋರಿಸ್ಬೇಕು,” ಎಂದರು.

ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ದಾಟುವವರಿಗೆ ಹಸಿರು ಇರುತ್ತಿದ್ದುದು ಹದಿನಾಲ್ಕು ಸೆಕೆಂಡು. ರಸ್ತೆ ದಾಟಿದ ನಾನೂರ ಹನ್ನೆರಡು ಜನರಿಗೆ ಎಷ್ಟೆಷ್ಟು ಹಿಡಿಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದರು. ಅರ್ಜಿ ಹೋಯಿತು. ಉತ್ತರವೂ ಬಂತು, ಬಲು ಮರ್ಯಾದೆಯ ಭಾಷೆಯಲ್ಲಿ: ತಮ್ಮದೇ ಅಂಕಿಗಳ ಪ್ರಕಾರ ದಾಟಲು ಸರಾಸರಿ ಹನ್ನೊಂದು ಸೆಕೆಂಡು ಸಾಕಾಗುತ್ತಿದ್ದು, ಮೂರು ಸೆಕೆಂಡು ಮಿಗುತ್ತಿರುವುದರಿಂದ ಬದಲಾವಣೆಯ ಅಗತ್ಯ ಕಂಡುಬಂದಿರುವುದಿಲ್ಲ, ತಮ್ಮ ಶ್ರಮಕ್ಕೆ ವಂದನೆಗಳು.

ನಾನು ಬಿದ್ದು ಬಿದ್ದು ನಕ್ಕೆ. ಮಾವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಸಂಜೆ ಮನೆಯಲ್ಲಿ ಅತ್ತೆ ಆ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. “ಇದರಲ್ಲಿ ನಾನೆಲ್ಲಿದ್ದೀನ್ರೀ?”

“ನೀನು ದಾಟಲೇ ಇಲ್ವಲ್ಲೇ.”

“ಅದನ್ನೇ ಹೇಳ್ತಿರೋದು. ನಿಂತುಹೋದದ್ದನ್ನ ನೋಡೋದೇ ನಿಮ್ಮ ಕಸುಬು. ಇಲ್ಲಿ ನೋಡಿದ್ರೆ ಓಡೋರನ್ನ ಮಾತ್ರ ಬರ್ಕೊಂಡಿದ್ದೀರಿ.”

ಮಾವ ಪೆಚ್ಚಾದರು. ನನಗೂ ನಾಚಿಕೆಯಾಯಿತು, ಟೈಪ್ ಮಾಡಿದವಳು ನಾನೇ ತಾನೆ?

ಮರುದಿನದಿಂದ ಮಾವ ಆಚೆ ಬದಿಯಲ್ಲೇ ಹೋಗಿ ನಿಂತರು. ಹಸಿರು ಬಂದಾಗ ಒಂದು ಹೆಜ್ಜೆ ಇಟ್ಟು ಹಿಂದೆ ಸರಿಯುವವರು ಎಷ್ಟು ಜನ! ಊರುಗೋಲಿನ ಬಡಗಿ, ಒಂದು ಕಂಕುಳಲ್ಲಿ ಕೂಸು ಇನ್ನೊಂದು ಕೈಯಲ್ಲಿ ಚೀಲ ಹಿಡಿದ ನರ್ಸು, ಕಣ್ಣು ಮಂಜಾದ ಮೇಷ್ಟ್ರು. “ನಾನು ದಾಟೋದು ಬಿಟ್ಟು ಎರಡು ವರ್ಷ ಆಯ್ತು,” ಎಂದರಂತೆ ಮೇಷ್ಟ್ರು, “ಆಚೆ ಬದಿ ಹೇಗಿದೆ ಅಂತ ನೋಡ್ಕೊಂಡು ಹೋಗೋಕೆ ಬರ್ತೀನಿ, ಅಷ್ಟೆ.” ಹೀಗೆ ನಿಂತವರ ಸಹಿಗಳೇ ಮೂವತ್ತೇಳಾದವು.

ತಿಂಗಳ ಮೊದಲ ಸೋಮವಾರ ನಗರಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಮೂರು ಮೂರು ನಿಮಿಷ ಕೊಡುತ್ತಾರೆ. ಹೇಳುವವರು ಕೇಳುವವರು ಇಲ್ಲದ್ದರಿಂದ ಆ ಹೊತ್ತಿಗೆ ಅರ್ಧ ಸದಸ್ಯರು ಕಂಬಿ ಕಿತ್ತಿರುತ್ತಾರೆ. ಸಭಾಂಗಣ ನಮ್ಮತ್ತೆಯ ಬದಿಯಲ್ಲೇ ಇತ್ತು, ಪುಣ್ಯ. ಹಿಂದಿನ ದಿನವೇ ಮಾವ ಅಲ್ಲಿನ ಜವಾನನನ್ನು ಪುಸಲಾಯಿಸಿ ಟೇಪು ಹಿಡಿದು ಅಳೆದಿದ್ದರು: ಬಾಗಿಲಿನಿಂದ ಅಧ್ಯಕ್ಷೆಯ ಮೇಜಿಗೆ ಸರಿಯಾಗಿ ರಸ್ತೆಯಷ್ಟೇ ದೂರ.

ಎತ್ತರದ ಕಿಟಕಿಗಳಿಂದ ಬಿಸಿಲು ಇಳಿದು ನೆಲವೆಲ್ಲ ಹಳದಿಯಾಗಿತ್ತು. ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ಮಾವ ಭಾಷಣ ಮಾಡಲಿಲ್ಲ. ವಾಚನ್ನು ಕೈಗೆ ತೆಗೆದುಕೊಂಡರು. “ಹಸಿರು,” ಎಂದರು ಅಷ್ಟೆ.

ಬಾಗಿಲಿನಿಂದ ಅತ್ತೆ ನಡೆಯತೊಡಗಿದರು. ಆ ಬಿಸಿಲಿನಲ್ಲಿ ಅವರ ಹೆಜ್ಜೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ನಡೆದೇ ನಡೆದರು. ಇದು ಕನಸೋ ಎಚ್ಚರವೋ ಎಂದು ನನಗೇ ಅನುಮಾನವಾಯಿತು.

“ಕೆಂಪು,” ಎಂದರು ಮಾವ.

ಅರ್ಧ ದಾರಿ ಕಳೆದು ನಾಲ್ಕು ಹೆಜ್ಜೆಯಾಚೆ ಅತ್ತೆ ನಿಂತುಬಿಟ್ಟರು. ಮೊಬೈಲು ನೋಡುತ್ತಿದ್ದವರೂ ತಲೆ ಎತ್ತಿದರು.

“ಬನ್ನಿ ಅಮ್ಮಾ, ಬನ್ನಿ,” ಎಂದರು ಅಧ್ಯಕ್ಷೆ.

“ಹೇಗೆ ಬರ್ಲಿ? ಕೆಂಪು ಬಿದ್ದಿದೆಯಲ್ಲಾ.”

ನನಗೆ ಅಳು ಬಂತು. ಮರೆಮಾಚುವುದೇಕೆ, ಜೋರಾಗಿಯೇ ಅತ್ತುಬಿಟ್ಟೆ. ಮಾವ ಕೊನೆಯವರೆಗೂ ಕೈಯಲ್ಲಿದ್ದ ವಾಚನ್ನೇ ನೋಡುತ್ತಿದ್ದರು.

ಹದಿನೈದು ದಿನಕ್ಕೆ ಹಸಿರು ಇಪ್ಪತ್ತು ಸೆಕೆಂಡಾಯಿತು. ಮಾವನ ಲೆಕ್ಕದಲ್ಲಿ ಅತ್ತೆಗೆ ಬೇಕಾದದ್ದು ಇಪ್ಪತ್ತಮೂರು. ಬಡಗಿ ದಾಟಿದ, ನರ್ಸು ದಾಟಿದಳು. ಅತ್ತೆಯೂ ಮೇಷ್ಟ್ರೂ ಆಚೆಯೇ ಉಳಿದರು. ಮಾವ ಅಂಗಡಿಯ ಬಾಗಿಲಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು.

ಅತ್ತೆ ನನ್ನನ್ನು ಮನೆಗೆ ಕರೆಸಿಕೊಂಡರು. ಮುಂದಿನ ಸೋಮವಾರಕ್ಕೆ ಹೊಸ ಅರ್ಜಿ ಟೈಪ್ ಮಾಡು ಎಂದರು. ಅಭ್ಯಾಸಬಲದಿಂದ ನಾನು ಮಾವನ ಹೆಸರು ಬರೆಯಹೊರಟೆ. ಅತ್ತೆ ನನ್ನ ಕೈ ಹಿಡಿದರು.

“ನನ್ನ ಹೆಸರು ಹಾಕು. ಆರು ಸೆಕೆಂಡು ಅವರು ತಂದ್ರು. ಇನ್ನು ಮೂರು ನಾನೇ ತಗೊಂಡು ಹೋಗ್ತೀನಿ.”